ಕುಕ್ಕುಲೋಟ

ಓಟಕ್ಕೆ ಕನ್ನಡದಲ್ಲಿ ಮಾತುಗಳ ಬಡತನವಿಲ್ಲ. ಕುದುರೆ ನಾಲ್ಕು ಕಾಲನ್ನೂ ಕಿತ್ತು ಓಡಿದರೆ ಅದು ನಾಗಾಲೋಟ. ಸಾಲಗಾರನನ್ನು ಕಂಡವನು ಸಂದಿಯಲ್ಲಿ ಮರೆಯಾದರೆ ಓಟ ಕಿತ್ತನೆನ್ನುತ್ತೇವೆ. ಇವೆರಡರಷ್ಟು ಭರವಿಲ್ಲದ ಇನ್ನೊಂದು ಮಾತೂ ಉಂಟು: ಕುಕ್ಕುಲೋಟ. ನಡಿಗೆಗಿಂತ ತುಸು ಹೆಚ್ಚು, ಓಟಕ್ಕಿಂತ ತುಸು ಕಡಿಮೆ. ದೂರದ ದಾರಿ ಹಿಡಿದ ಕುದುರೆಯ ಗತಿ ಅದು. ನಾಗಾಲೋಟವು ಪತ್ರಿಕೆಗಳ ತಲೆಬರಹಗಳಲ್ಲಿ ಇಂದಿಗೂ ಸುಖವಾಗಿ ಬದುಕಿದೆ. ಪದಾರ್ಥಗಳ ಬೆಲೆಯೆಲ್ಲ ಅದರ ಬೆನ್ನೇರಿಯೇ ಏರುತ್ತದೆ. ಕುಕ್ಕುಲೋಟವಾದರೋ ನಿಘಂಟಿನ ಪುಟಗಳಲ್ಲಿ ಮಲಗಿದೆ. ನಾನಿರುವ ಊರು ಕುಕ್ಕುವಾಡ. ಊರಿನ ಹೆಸರಿಗೂ ಈ ಪದಕ್ಕೂ ನಂಟು ಬೆಸೆಯುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಭಾಷಾಶಾಸ್ತ್ರಜ್ಞರಾದ ಮಿತ್ರರು ನಕ್ಕಾರು. ಆದರೆ ನಾಲ್ಕು ವರ್ಷಗಳಿಂದ ಈ ಊರಿನ ಕಾಲುವೆ ಏರಿಯ ಮೇಲೆ ನಾನು ಓಡುತ್ತ ಬಂದಿರುವುದು ಈ ಓಟವನ್ನೇ. ಅದರಿಂದ ಕಲಿತ ಒಂದು ವಿಚಾರವನ್ನು ವಾಚಕರ ಮುಂದಿಡಬೇಕೆನಿಸಿದೆ.

ಆ ವಿಚಾರ ಸಣ್ಣದು. ದಮ್ಮು ಎಂಬುದು ಖರ್ಚುಮಾಡಿ ಗಳಿಸುವ ವಸ್ತುವಲ್ಲ, ಕೂಡಿಟ್ಟು ಗಳಿಸುವ ವಸ್ತು. ದಿನವೂ ಏದುಸಿರು ಬಿಡುತ್ತ ಓಡುವವನು ಇದ್ದ ದಮ್ಮನ್ನು ವೆಚ್ಚ ಮಾಡುತ್ತಾನೆ. ಮಾತನಾಡುತ್ತ ಓಡಬಲ್ಲವನು ಇಲ್ಲದ ದಮ್ಮನ್ನು ಕಟ್ಟಿಕೊಳ್ಳುತ್ತಾನೆ. ಹೇಳುವುದಕ್ಕೆ ಇದು ಸುಲಭ, ಆಚರಿಸುವುದಕ್ಕೆ ಬಲು ಕಠಿಣ. ಆ ಕಾಠಿಣ್ಯವಾದರೂ ಕಾಲಿನದಲ್ಲ, ಮನಸ್ಸಿನದು.

ದಾವಣಗೆರೆ ತಾಲ್ಲೂಕಿನ ಈ ಸೀಮೆ ಭದ್ರೆಯ ನೀರಿನಿಂದ ಹಸುರಾದುದು. ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ನೀರು ಬಲದಂಡೆಯ ಕಾಲುವೆಯಲ್ಲಿ ಬಹುದೂರ ಪಯಣಿಸಿ ಇಲ್ಲಿನ ಗದ್ದೆಗಳನ್ನು ಮುಟ್ಟುತ್ತದೆ. ಒಂದು ಕಡೆ ಬತ್ತ, ಒಂದು ಕಡೆ ಕಬ್ಬು, ನಡುನಡುವೆ ಅಡಕೆ ತೆಂಗು. ಊರ ಬಳಿಯಲ್ಲೇ ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವ ದಿನಗಳಲ್ಲಿ ಗಾಳಿಯಲ್ಲೆಲ್ಲ ಕಾಕಂಬಿಯ ವಾಸನೆ. ಇಂಥ ಬೆಳಗುಗಳಲ್ಲಿ, ಇನ್ನೂ ಕತ್ತಲಿರುವಾಗಲೇ, ಕಾಲುವೆಯ ಏರಿಯ ಮೇಲೆ ಹುಡುಗರ ಗುಂಪುಗಳು ಕಾಣುತ್ತವೆ. ಅವರು ಆರೋಗ್ಯಕ್ಕಾಗಿ ಓಡುವವರಲ್ಲ, ಅನ್ನಕ್ಕಾಗಿ ಓಡುವವರು. ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ನೇಮಕದ ದೈಹಿಕ ಪರೀಕ್ಷೆಯಲ್ಲಿ ಗಂಡಸರು ೧೬೦೦ ಮೀಟರುಗಳನ್ನು ೬ ನಿಮಿಷ ೩೦ ಸೆಕೆಂಡುಗಳೊಳಗೆ ಓಡಬೇಕು. ಎಂದರೆ ೪೦೦ ಮೀಟರಿನ ಬಯಲನ್ನು ನಾಲ್ಕು ಸುತ್ತು, ಸುತ್ತಿಗೆ ೯೭ ಸೆಕೆಂಡುಗಳ ಆಸುಪಾಸು. ಎರಡೆಕರೆ ಗದ್ದೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳಬೇಕಾದ ಮನೆಗಳಲ್ಲಿ ಆ ನಾಲ್ಕು ಸುತ್ತುಗಳ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹುಡುಗರು ಅಭ್ಯಾಸ ಮಾಡುವ ಕ್ರಮ ಒಂದೇ. ಕೈಯಲ್ಲಿ ಮೊಬೈಲಿನ ಗಡಿಯಾರ, ಪ್ರತಿದಿನವೂ ಪರೀಕ್ಷೆ. ಹಲ್ಲು ಕಚ್ಚಿ, ಕತ್ತು ಬಿಗಿದು, ಪ್ರಾಣ ಹೋದೀತೆಂಬಷ್ಟು ಓಡಿ, ಕೊನೆಗೆ ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತುಕೊಳ್ಳುತ್ತಾರೆ. ಮೊದಲ ಎರಡು ಮೂರು ವಾರ ಲಾಭ ಕಾಣುತ್ತದೆ. ಆಮೇಲೆ ಗಡಿಯಾರ ಒಂದೇ ಕಡೆ ನಿಂತುಬಿಡುತ್ತದೆ. ತಿಂಗಳು ಕಳೆಯುವುದರೊಳಗೆ ಒಬ್ಬನಿಗೆ ಮುಂಗಾಲಿನ ಮೂಳೆ ನೋವು, ಇನ್ನೊಬ್ಬನಿಗೆ ಮಂಡಿಯ ನೋವು, ಮತ್ತೊಬ್ಬನಿಗೆ ಬೇಸರ. ಏರಿಯ ಮೇಲಿನ ಗುಂಪು ಕರಗುತ್ತದೆ. ಮತ್ತೆ ನೇಮಕದ ಅಧಿಸೂಚನೆ ಹೊರಟಾಗ ಹೊಸ ಗುಂಪು ಕೂಡುತ್ತದೆ.

ಇವರ ಶ್ರಮದಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಶರೀರವು ಕೆಲಸ ಮಾಡುವ ಬಗೆಯ ತಿಳಿವಳಿಕೆಯಲ್ಲಿ. ನಮ್ಮ ಸ್ನಾಯುಗಳು ಶಕ್ತಿಯನ್ನು ಎರಡು ದಾರಿಗಳಲ್ಲಿ ಪಡೆಯುತ್ತವೆ. ಒಂದು, ಉಸಿರಿನ ಆಮ್ಲಜನಕವನ್ನು ಬಳಸಿ ಕೊಬ್ಬನ್ನೂ ಸಕ್ಕರೆಯನ್ನೂ ಮೆಲ್ಲಗೆ ಉರಿಸುವ ದಾರಿ. ಇದು ಗಂಟೆಗಟ್ಟಲೆ ನಡೆಯಬಲ್ಲುದು. ಇನ್ನೊಂದು, ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಅವಸರವಾಗಿ ಒಡೆದುಕೊಳ್ಳುವ ದಾರಿ. ಇದು ಬೇಗ ಬಳಲಿಸುತ್ತದೆ. ಆರೂವರೆ ನಿಮಿಷದ ಓಟ ಈ ಎರಡನೆಯ ದಾರಿಯದೆಂದು ನಮಗೆ ತೋರುತ್ತದೆ. ಆದರೆ ಶರೀರವಿಜ್ಞಾನಿಗಳು ಅಳೆದು ನೋಡಿದಾಗ ಕಂಡದ್ದು ಬೇರೆ: ೧೫೦೦ ಮೀಟರಿನಂಥ ಓಟದಲ್ಲಿಯೂ ಶಕ್ತಿಯ ಐದು ಪಾಲಿನಲ್ಲಿ ಹೆಚ್ಚುಕಡಿಮೆ ನಾಲ್ಕು ಪಾಲು ಮೊದಲನೆಯ ದಾರಿಯಿಂದಲೇ ಬರುತ್ತದೆ. ಹುಡುಗರು ದಿನವೂ ಉಜ್ಜುತ್ತಿರುವುದು ಐದನೆಯ ಪಾಲನ್ನು. ಬೆಳೆಯದೆ ಉಳಿದಿರುವುದು ಮಿಕ್ಕ ನಾಲ್ಕು ಪಾಲು.

ಆ ನಾಲ್ಕು ಪಾಲನ್ನು ಬೆಳೆಸುವುದು ಹೇಗೆ? ನಮ್ಮ ಕಾಲುವೆಯನ್ನೇ ನೋಡಬಹುದು. ಅಣೆಕಟ್ಟಿನಲ್ಲಿ ನೀರು ತುಂಬಿದ ಮಾತ್ರಕ್ಕೆ ಕೊನೆಯಂಚಿನ ರೈತನ ಗದ್ದೆ ನೆನೆಯುವುದಿಲ್ಲವೆಂಬುದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾದ ಸತ್ಯವಲ್ಲ. ಮುಖ್ಯ ಕಾಲುವೆ, ಉಪಕಾಲುವೆ, ತೂಬು, ಹೊಲಗಾಲುವೆ ಎಲ್ಲವೂ ನೆಟ್ಟಗಿದ್ದು ನೀರು ದಿನಗಟ್ಟಲೆ ಒಂದೇ ಸಮನೆ ಹರಿದರೆ ಮಾತ್ರ ಅದು ಕೊನೆಯವರೆಗೆ ಮುಟ್ಟೀತು. ಶರೀರದಲ್ಲಿಯೂ ಹೀಗೆಯೇ. ಹಗುರವಾದ ಓಟವನ್ನು ಬಹುಕಾಲ ನಡೆಸಿದರೆ ಸ್ನಾಯುವಿನ ಎಳೆಗಳ ಸುತ್ತ ಹೊಸ ಲೋಮನಾಳಗಳು ಮೂಡುತ್ತವೆ. ಅವು ರಕ್ತದ ಹೊಲಗಾಲುವೆಗಳು. ಎಳೆಗಳೊಳಗೆ ಆಮ್ಲಜನಕವನ್ನು ಬಳಸಿ ಇಂಧನವನ್ನು ಉರಿಸುವ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಕಣಗಳು ಹೆಚ್ಚುತ್ತವೆ. ೧೯೬೭ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜಾನ್ ಹಾಲೊಸಿ ಎಂಬ ವಿಜ್ಞಾನಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಓಟದ ಹೊತ್ತನ್ನು ದಿನಕ್ಕಿಷ್ಟರಂತೆ ಹೆಚ್ಚಿಸುತ್ತ ಹೋಗಿ, ಅವುಗಳ ಕಾಲಿನ ಸ್ನಾಯುಗಳಲ್ಲಿ ಈ ಉರಿಸುವ ಶಕ್ತಿ ಸುಮಾರು ಎರಡು ಪಟ್ಟಾದುದನ್ನು ತೋರಿಸಿದನು.

ಹೃದಯವೂ ಇದರಲ್ಲಿ ಪಾಲುಗಾರ. ಸಾಧಾರಣ ಮನುಷ್ಯ ಸುಮ್ಮನೆ ಕುಳಿತಿರುವಾಗ ಅವನ ಹೃದಯ ನಿಮಿಷಕ್ಕೆ ಸುಮಾರು ೭೦ ಸಲ ಮಿಡಿಯುತ್ತದೆ, ಮಿಡಿತಕ್ಕೆ ಸುಮಾರು ೭೦ ಮಿಲಿಲೀಟರು ರಕ್ತವನ್ನು ದೂಡುತ್ತದೆ. ನಿಮಿಷಕ್ಕೆ ಐದು ಲೀಟರಿನ ಹತ್ತಿರ. ವರ್ಷಗಟ್ಟಲೆ ಓಡಿ ಪಳಗಿದವನ ಹೃದಯ ಅದೇ ಐದು ಲೀಟರನ್ನು ೫೦ ಮಿಡಿತಗಳಲ್ಲಿ ಮುಗಿಸಬಲ್ಲುದು. ಬಿಂದಿಗೆ ದೊಡ್ಡದಾದರೆ ಬಾವಿಗೆ ಹೋಗಿ ಬರುವ ಸಲ ಕಡಿಮೆಯಾಗುವುದಿಲ್ಲವೆ, ಹಾಗೆ. ಇನ್ನು ಮೂಳೆ, ಕೀಲು, ಸ್ನಾಯುರಜ್ಜುಗಳಂತೂ ಎಲ್ಲಕ್ಕಿಂತ ಸಾವಧಾನಿಗಳು. ಉಸಿರು ಸುಧಾರಿಸಿದ ಎಷ್ಟೋ ತಿಂಗಳ ಮೇಲೆ ಅವು ಗಟ್ಟಿಯಾಗುತ್ತವೆ. ಹುಡುಗರ ಮುಂಗಾಲಿನ ನೋವಿಗೆ ಬಹುಮಟ್ಟಿನ ಕಾರಣ ಇಲ್ಲಿದೆ.

ಈ ಮಾತನ್ನು ಲೋಕಕ್ಕೆ ಸಾಧಿಸಿ ತೋರಿಸಿದವನು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಅವನು ವೈದ್ಯನಲ್ಲ, ಪ್ರಾಧ್ಯಾಪಕನಲ್ಲ. ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿದವನು, ಮನೆಮನೆಗೆ ಹಾಲು ಹಾಕಿದವನು. ಎಷ್ಟು ಓಡಿದರೆ ಎಷ್ಟು ಫಲವೆಂಬುದನ್ನು ವರ್ಷಗಟ್ಟಲೆ ತನ್ನ ಮೈಯ ಮೇಲೆಯೇ ಪ್ರಯೋಗಿಸಿ ನೋಡಿದನು. ವಾರಕ್ಕೆ ನೂರು ಮೈಲಿಗಳ, ಎಂದರೆ ೧೬೦ ಕಿಲೋಮೀಟರುಗಳ, ಮೈಮುರಿಯದ ಓಟ ಮೊದಲು. ವೇಗದ ಅಭ್ಯಾಸ ಆಮೇಲೆ, ಅದೂ ಕೆಲವೇ ವಾರ. ಅವನ ಶಿಷ್ಯ ಪೀಟರ್ ಸ್ನೆಲ್ ೮೦೦ ಮೀಟರಿನ ಓಟಗಾರ. ಎರಡು ನಿಮಿಷದೊಳಗೆ ಮುಗಿಯುವ ಸ್ಪರ್ಧೆಗಾಗಿ ಅವನು ವಾರಕ್ಕೊಮ್ಮೆ ಗುಡ್ಡದ ದಾರಿಯಲ್ಲಿ ೨೨ ಮೈಲಿ ಓಡಬೇಕಾಗಿತ್ತು. ೧೯೬೦ರ ರೋಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಒಂದೇ ಮಧ್ಯಾಹ್ನ ಸ್ನೆಲ್ ೮೦೦ ಮೀಟರಿನಲ್ಲಿಯೂ ಲಿಡಿಯಾರ್ಡನ ಇನ್ನೊಬ್ಬ ಶಿಷ್ಯ ಮರ್ರಿ ಹಾಲ್‌ಬರ್ಗ್ ೫೦೦೦ ಮೀಟರಿನಲ್ಲಿಯೂ ಚಿನ್ನ ಗೆದ್ದರು. ೧೯೬೪ರಲ್ಲಿ ಟೋಕಿಯೊದಲ್ಲಿ ಸ್ನೆಲ್ ೮೦೦ ಮತ್ತು ೧೫೦೦ ಮೀಟರುಗಳೆರಡನ್ನೂ ಗೆದ್ದನು. ಅದೇ ಕಾಲದಲ್ಲಿ ಜರ್ಮನಿಯ ವೈದ್ಯ ಅರ್ನ್‌ಸ್ಟ್ ಫಾನ್ ಆಕನ್ ಕೂಡ ನಾಡಿಯನ್ನು ಕೆಳಗಿಟ್ಟುಕೊಂಡು ದೂರ ಓಡುವ ಕ್ರಮವನ್ನೇ ಬೋಧಿಸುತ್ತಿದ್ದನು.

ನಮ್ಮ ನಾಡಿನಲ್ಲಿ ಇಂಥ ದಮ್ಮು ಇರಲಿಲ್ಲವೆ? ಇತ್ತು. ೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡೆಗಳಲ್ಲಿ ಬರಿಗಾಲಿನಲ್ಲಿ ಓಡಿದ ರೈತಮಕ್ಕಳನ್ನು ಕಂಡು ಸರ್ ದೊರಾಬ್ಜಿ ಟಾಟಾ ಅವರು ಬೆರಗಾದರು. ಮರುವರ್ಷ ಬೆಲ್ಜಿಯಮ್ಮಿನ ಆಂಟ್ವರ್ಪಿನ ಒಲಿಂಪಿಕ್ ಕ್ರೀಡೆಗಳಿಗೆ ಭಾರತದ ಮೊದಲ ತಂಡ ಹೊರಟಿತು. ಅದರಲ್ಲಿ ಒಬ್ಬರು ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಆ ಸಲದ ಮ್ಯಾರಥಾನಿನ ದಾರಿ ೪೨.೭೫ ಕಿಲೋಮೀಟರು. ಚೌಗುಲೆ ಅದನ್ನು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಮುಟ್ಟಿದರು. ಈ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದಷ್ಟು ತಿಳಿದಿಲ್ಲ. ಆ ತಲೆಮಾರಿನ ಹಳ್ಳಿಗರಿಗೆ ತಳಹದಿಯ ಓಟವೆಂದು ಬೇರೆಯಾಗಿ ಬೇಕಾಗಿರಲಿಲ್ಲ. ಅವರ ದಿನವೇ ಕಾಲ್ನಡಿಗೆಯ ದಿನ. ನನ್ನ ಅಜ್ಜ ದಾವಣಗೆರೆಯ ಸಂತೆಗೆ ನಡೆದು ಹೋಗಿ ನಡೆದು ಬರುತ್ತಿದ್ದರು. ಇಂದಿನ ಹುಡುಗ ಗದ್ದೆಗೆ ಹೋಗುವುದೂ ಬೈಕಿನಲ್ಲಿ. ತಪ್ಪೆಂದು ನಾನು ಹೇಳುತ್ತಿಲ್ಲ. ಅಜ್ಜನಿಗೆ ಬಿಟ್ಟಿಯಾಗಿ ದೊರೆತ ತಳಹದಿಯನ್ನು ಮೊಮ್ಮಗ ಕಷ್ಟಪಟ್ಟು ಹಾಕಿಕೊಳ್ಳಬೇಕಾಗಿದೆ ಎಂದಷ್ಟೇ ನನ್ನ ಮಾತು.

ನಿಧಾನವೆಂದರೆ ಎಷ್ಟು ನಿಧಾನ? ಅಮೆರಿಕದ ಫಿಲಿಪ್ ಮ್ಯಾಫೆಟೋನ್ ಒಂದು ಸುಲಭದ ಲೆಕ್ಕ ಕೊಟ್ಟಿದ್ದಾನೆ: ೧೮೦ರಲ್ಲಿ ನಿಮ್ಮ ವಯಸ್ಸನ್ನು ಕಳೆಯಿರಿ, ನಾಡಿ ಅದನ್ನು ದಾಟದಂತೆ ಓಡಿರಿ. ಹವಾಯಿ ದ್ವೀಪದ ಕಠೋರವಾದ ಐರನ್‌ಮ್ಯಾನ್ ಸ್ಪರ್ಧೆಯನ್ನು ಆರು ಸಲ ಗೆದ್ದ ಮಾರ್ಕ್ ಅಲೆನ್ ಈ ಕ್ರಮದಲ್ಲಿ ಪಳಗಿದವನು. ನನಗೆ ೪೬, ನನ್ನ ಗಡಿ ೧೩೪. ಇದು ಎಲ್ಲರ ಮೈಗೂ ಒಪ್ಪುವ ಶಾಸ್ತ್ರವಲ್ಲ, ಒಂದು ಅಂದಾಜು. ನಾಡಿಯನ್ನು ಎಣಿಸುವ ಕೈಗಡಿಯಾರವಿಲ್ಲದವರು ಓಟ ನಿಲ್ಲಿಸಿದ ಕೂಡಲೇ ಮಣಿಕಟ್ಟಿನ ಮೇಲೆ ಬೆರಳಿಟ್ಟು ೧೫ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬಹುದು. ಅದೂ ಬೇಡವೆಂದರೆ ಕನ್ನಡ ಮೇಷ್ಟರ ಅಳತೆಗೋಲೊಂದಿದೆ. ಗದುಗಿನ ಭಾರತದ ಯಾವುದಾದರೂ ಒಂದು ಪದ್ಯವನ್ನು ಓಡುತ್ತಲೇ ಗಟ್ಟಿಯಾಗಿ ಹೇಳಿಕೊಳ್ಳಿ. ಭಾಮಿನಿ ಷಟ್ಪದಿಯ ಮೊದಲೆರಡು ಸಾಲು ಹದಿನಾಲ್ಕು ಹದಿನಾಲ್ಕು ಮಾತ್ರೆ; ಅವನ್ನು ಯಾರು ಬೇಕಾದರೂ ದಾಟಿಯಾರು. ಮೂರನೆಯ ಸಾಲು ಇಪ್ಪತ್ತಮೂರು ಮಾತ್ರೆ. ಅಲ್ಲಿ ನಡುವೆ ಉಸಿರು ಕಡಿದರೆ ನಿಮ್ಮ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಛಂದಸ್ಸು ಕೆಟ್ಟ ಕಡೆ ಓಟವೂ ಕೆಟ್ಟಿರುತ್ತದೆ. ನಲವತ್ತು ದಾಟಿದವರು, ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಯನ್ನೇ ತಗ್ಗಿಸುವುದರಿಂದ ಅಂಥವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಮೊದಮೊದಲು ಈ ಗಡಿಯೊಳಗೆ ಓಡುವುದೆಂದರೆ ಅವಮಾನವೇ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನಾಡಿ ಗಡಿ ಮುಟ್ಟುತ್ತದೆ, ನಡೆಯಬೇಕು. ಇಳಿದ ಮೇಲೆ ಮತ್ತೆ ನಾಲ್ಕು ಹೆಜ್ಜೆ. ಹುಲ್ಲಿನ ಹೊರೆ ಹೊತ್ತ ಹೆಂಗಸರು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ತೂಬಿನ ಬಳಿ ನೀರು ಕಟ್ಟುತ್ತಿದ್ದ ಹಿರಿಯರೊಬ್ಬರು ಒಂದು ದಿನ, "ಯಾಕ್ರೀ ಮೇಷ್ಟ್ರೆ, ನಿಮ್ಮ ಗಾಡಿ ಒಂದನೇ ಗೇರ್‌ನಾಗೇ ಐತಲ್ರೀ!" ಎಂದರು. ಅವರ ಮಾತು ಅಕ್ಷರಶಃ ಸತ್ಯ. ಮೊದಲ ತಿಂಗಳು ೧೩೪ರ ಗಡಿಯಲ್ಲಿ ಐದು ಕಿಲೋಮೀಟರು ಮುಗಿಸಲು ನನಗೆ ೪೮ ನಿಮಿಷ ಬೇಕಾಗಿತ್ತು. ಎರಡನೆಯ ತಿಂಗಳೂ ಹೆಚ್ಚುಕಡಿಮೆ ಅಷ್ಟೇ. ಆರನೆಯ ತಿಂಗಳಿಗೆ ಅದೇ ನಾಡಿಯಲ್ಲಿ ೪೧ ನಿಮಿಷವಾಯಿತು. ಒಂದೂವರೆ ವರ್ಷಕ್ಕೆ ೩೫. ನಡುವೆ ಏಪ್ರಿಲ್ ಬಂದಾಗ ಲೆಕ್ಕ ಹಿಂದಕ್ಕೆ ಸರಿಯಿತು. ಬಿಸಿಲ ನಾಡಿನಲ್ಲಿ ಮೈಯನ್ನು ತಂಪಾಗಿಡಲು ರಕ್ತವು ಚರ್ಮದ ಕಡೆಗೂ ಹರಿಯಬೇಕಾದ್ದರಿಂದ ಅದೇ ವೇಗಕ್ಕೆ ನಾಡಿ ಹೆಚ್ಚುತ್ತದೆ. ದಾವಣಗೆರೆಯ ಬೇಸಗೆಯಲ್ಲಿ ಓಡುವವನು ಇದನ್ನು ತಿಳಿದು ಮತ್ತಷ್ಟು ನಿಧಾನವಾಗಬೇಕೇ ಹೊರತು ನಿರಾಶನಾಗಬಾರದು.

ಎರಡು ವರ್ಷದ ಹಿಂದೆ ನನ್ನ ತರಗತಿಯ ಒಬ್ಬ ವಿದ್ಯಾರ್ಥಿ ಏರಿಯ ಮೇಲೆ ನನ್ನ ಜೊತೆಗೂಡಿದ. ಪಕ್ಕದ ಹಳ್ಳಿಯವನು, ತಂದೆಯಿಲ್ಲ, ತಾಯಿ ನಾಟಿ ಕಳೆ ಕೆಲಸಕ್ಕೆ ಹೋಗಿ ಓದಿಸುತ್ತಿದ್ದಾರೆ. ಹಿಂದಿನ ನೇಮಕದಲ್ಲಿ ಅವನು ಓಟದಲ್ಲಿ ಸೋತದ್ದು ಒಂಬತ್ತು ಸೆಕೆಂಡುಗಳಿಂದ. ಆಮೇಲೆ ಹಟ ಹಿಡಿದು ದಿನವೂ ಉಸಿರುಗಟ್ಟಿ ಓಡಿ ಮುಂಗಾಲು ನೋಯಿಸಿಕೊಂಡಿದ್ದ. ನನ್ನ ಗತಿಯಲ್ಲಿ ಒಂದು ವಾರ ಓಡಿದವನು ತಡೆಯಲಾರದೆ ಕೇಳಿದ: "ಸರ್, ಹಿಂಗೆ ನಿಧಾನಕ್ಕೆ ಓಡಿದ್ರೆ ನಿಧಾನಕ್ಕೆ ಓಡೋದೇ ರೂಢಿ ಆಗಲ್ವಾ?"

ಪ್ರಶ್ನೆ ಸರಿಯಾದುದು. ಬರಿಯ ನಿಧಾನದಿಂದ ೯೭ ಸೆಕೆಂಡಿನ ಸುತ್ತು ಬರುವುದಿಲ್ಲ. ಲಿಡಿಯಾರ್ಡನೂ ಕೊನೆಗೆ ವೇಗವನ್ನು ಸೇರಿಸಿದವನೇ. ಈ ಕಾಲದ ದೊಡ್ಡ ಓಟಗಾರರ ದಿನಚರಿಗಳನ್ನು ಪರಿಶೀಲಿಸಿದ ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ ಅವರ ಅಭ್ಯಾಸದಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಹಗುರ, ಇಪ್ಪತ್ತು ಪಾಲು ಕಠಿಣ ಎಂಬುದನ್ನು ಕಂಡನು. ಆ ಇಪ್ಪತ್ತು ಬೇಕೇ ಬೇಕು. ಆದರೆ ಎಂಬತ್ತರ ಮೇಲೆ ನಿಂತರೆ ಮಾತ್ರ ಅದು ನಿಲ್ಲುತ್ತದೆ. ಗೋಡೆ ಕಟ್ಟುವವನಿಗೆ ಅಡಿಪಾಯದ ಕಲ್ಲು ಕಾಣುವುದಿಲ್ಲವೆಂದು ಅದನ್ನು ಬಿಟ್ಟು ಕಟ್ಟುತ್ತಾರೆಯೆ? ಹುಡುಗ ಅರೆಮನಸ್ಸಿನಿಂದ ಒಪ್ಪಿದ. ಗೆಳೆಯರು ಅವನನ್ನು "ಮೇಷ್ಟ್ರ ಎತ್ತು" ಎಂದು ಹಾಸ್ಯ ಮಾಡುತ್ತಿದ್ದರು. ಐದು ತಿಂಗಳು ಹಗುರವಾಗಿ ಓಡಿದ. ಕಡೆಯ ಆರು ವಾರ ವಾರಕ್ಕೆ ಎರಡು ದಿನ ಮಾತ್ರ ಬಿರುಸಿನ ಓಟ. ಪರೀಕ್ಷೆಯ ದಿನ ೬ ನಿಮಿಷ ೮ ಸೆಕೆಂಡಿಗೆ ಮುಗಿಸಿ, ಮಂಡಿಯ ಮೇಲೆ ಕೈಯೂರದೆ ನಡೆದು ಬಂದ. ಆದರೆ ಅಂತಿಮ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಬರೆಹದ ಪರೀಕ್ಷೆಯ ಅಂಕಗಳು ಸಾಲದೆ ಹೋದವು. ಈಗ ಮತ್ತೆ ಓದುತ್ತಿದ್ದಾನೆ. "ಈ ಸಲ ಕಾಲಿಂದು ಚಿಂತೆ ಇಲ್ಲ ಸರ್, ಪುಸ್ತಕದ್ದೇ ಚಿಂತೆ" ಎನ್ನುತ್ತಾನೆ. ಆ ಚಿಂತೆಯಲ್ಲಿ ಅರ್ಧ ನನ್ನ ಪಾಲಿಗೂ ಬರಬೇಕಾದುದು ನ್ಯಾಯ.

ತಾಳ್ಮೆಯನ್ನು ಹೊಗಳುವುದು ಸಂಬಳ ಬರುವವನಿಗೆ ಸುಲಭ ಎಂಬ ಆಕ್ಷೇಪಣೆಯನ್ನು ನಾನು ಬಲ್ಲೆ. ಅಧಿಸೂಚನೆ ಯಾವಾಗ ಬರುವುದೋ ತಿಳಿಯದು, ವಯಸ್ಸಿನ ಮಿತಿ ಹತ್ತಿರವಾಗುತ್ತಿರುತ್ತದೆ, ಮನೆಯಲ್ಲಿ ಸಾಲ. ಇಂಥವನಿಗೆ ಆರು ತಿಂಗಳು ಕುಕ್ಕುಲೋಟವೆಂದರೆ ಹೇಗೆ? ಆದರೆ ಅವಸರದ ಬೆಲೆಯನ್ನೂ ನೋಡಬೇಕು. ೨೦೨೪ರ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ ಝಾರ್ಖಂಡ್ ರಾಜ್ಯದ ಅಬಕಾರಿ ಕಾನ್‌ಸ್ಟೇಬಲ್ ನೇಮಕದ ಪರೀಕ್ಷೆ ನಡೆಯಿತು. ಗಂಡಸರಿಗೆ ಒಂದು ಗಂಟೆಯಲ್ಲಿ ಹತ್ತು ಕಿಲೋಮೀಟರಿನ ಓಟ. ಆ ಪರೀಕ್ಷೆಯ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ತರುಣರು ಪ್ರಾಣ ಬಿಟ್ಟರು. ಒಂದೊಂದು ಸಾವಿನ ಕಾರಣವನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಆದರೂ ಸೆಕೆಯಲ್ಲಿ, ತಿಂಗಳುಗಟ್ಟಲೆ ಸಿದ್ಧವಾಗದ ಮೈಯಿಂದ, ಅನ್ನದ ಆಸೆ ತೋರಿಸಿ ಅಷ್ಟು ದೂರದ ಓಟವನ್ನು ಕೇಳುವುದು ಅಪಾಯವೆನ್ನಲು ವೈದ್ಯನಾಗಬೇಕಾಗಿಲ್ಲ.

ಆದ್ದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೆ. ಅಧಿಸೂಚನೆ ಬಂದ ಮೇಲೆ ಓಡತೊಡಗುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ನಮ್ಮ ಕಾಲೇಜುಗಳಿಗೆ ಬರುವ ಹಳ್ಳಿಯ ಹುಡುಗ ಹುಡುಗಿಯರಲ್ಲಿ ಅನೇಕರು ಎಂದಾದರೊಂದು ದಿನ ಇಂಥ ಗೆರೆಯ ಮೇಲೆ ನಿಲ್ಲುವವರೇ. ಮೊದಲ ವರ್ಷದಿಂದಲೇ ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ, ಮಾತನಾಡುತ್ತ ಓಡಿರೆಂದು ಹೇಳೋಣ. ಇದಕ್ಕೆ ಹಣ ಬೇಡ, ಬಯಲೂ ಬೇಡ. ಕಾಲುವೆಯ ಏರಿ ಸಾಕು. ಮೂರು ವರ್ಷದ ಪದವಿ ಮುಗಿಯುವಷ್ಟರಲ್ಲಿ ತಳಹದಿ ತಾನಾಗಿ ಬಿದ್ದಿರುತ್ತದೆ. ಕೊನೆಯಂಚಿನ ಗದ್ದೆಗೆ ನೀರು ಬೇಕಾದರೆ ಕಾಲುವೆಯ ಹೂಳನ್ನು ಬೇಸಗೆಯಲ್ಲೇ ತೆಗೆಯಬೇಕು. ನೀರು ಬಿಟ್ಟ ದಿನ ಗುದ್ದಲಿ ಹುಡುಕಿದರೆ ಆ ವರ್ಷದ ಬೆಳೆ ಹೋಯಿತು.